ದನಿ ಏರದಿದ್ದರೆ

ಮಗಳ ಹೆಸರು ಮಿ. ಅವರ ಭಾಷೆಯಲ್ಲಿ ದನಿಯ ಏರಿಳಿತದಿಂದಲೇ ಪದದ ಅರ್ಥ ಬದಲಾಗುತ್ತದೆ. ದನಿ ಏರಿಸಿ ಕರೆದರೆ ಮಗಳು, ಇಳಿಸಿ ಕರೆದರೆ ಶಾವಿಗೆ. ದನಿ ಏರದೇ ಹೋದರೆ ಮೂರು ವರ್ಷದ ಕೂಸನ್ನು ಏನೆಂದು ಕರೆಯುವುದು? ಹತ್ತು ದಿನದಿಂದ ಲ್ವಾನಳನ್ನು ಇದೊಂದೇ ಯೋಚನೆ ಕೊರೆಯುತ್ತಿತ್ತು.

ಹೈಫಾಂಗ್ ಬಂದರಿನ ಹತ್ತಿರದ ಶಿಶುವಿಹಾರದಲ್ಲಿ ಅವಳು ಟೀಚರ್. ಹಾಡಿಸುವುದು, ಗದರುವುದು, ಎಲ್ಲ ಗಂಟಲಿನದೇ ಕೆಲಸ. ಆ ಗಂಟಲಿನಲ್ಲೇ ಗೋಲಿಯಷ್ಟು ದಪ್ಪದ ಗಂಟು. ಸೂಜಿ ಚುಚ್ಚಿ ನೋಡಿದವರು, ಇದನ್ನು ಬಿಡುವ ಹಾಗಿಲ್ಲ, ತೆಗೆಯಲೇಬೇಕು ಎಂದಿದ್ದರು. ಆಪರೇಷನ್ ಗುರುವಾರವೆಂದು ಗೊತ್ತೂ ಆಗಿತ್ತು. ಬರುತ್ತೇನೆಂದು ಅವಳಿನ್ನೂ ಹೇಳಿರಲಿಲ್ಲ.

"ಶಾವಿಗೆ ಅಂತಲೇ ಕರಿಯೇ, ತಿನ್ನೋದಕ್ಕಾದ್ರೂ ಓಡಿ ಬರ್ತಾಳೆ," ಎಂದು ಅತ್ತೆ ಏಡಿ ಸಾರು ಕಲಕುತ್ತಾ ನಕ್ಕರು. ಸೊಸೆಯ ಮುಖ ನೋಡಿದ್ದೇ ಬಟ್ಟಲಿಗೆ ಸಾರು ಬಡಿಸಿ ಅವಳ ಮುಂದಿಟ್ಟರು.

ಆಪರೇಷನ್ ಮಾಡಲಿದ್ದ ಚಾಕ್ ಎಂಬ ಡಾಕ್ಟರ್ ಒಂದು ಚೀಟಿಯ ಮೇಲೆ ಚಿತ್ರ ಬರೆದು ತೋರಿಸಿದ್ದರು. "ದನಿಯ ನರ ಈ ಥೈರಾಯ್ಡ್ ಗ್ರಂಥಿಯ ಬೆನ್ನಿಗೇ ಅಂಟಿಕೊಂಡು ಹೋಗುತ್ತಮ್ಮ, ನೂಲಿನ ಹಾಗೆ. ಮೇಲ್ಗಡೆ ಇನ್ನೊಂದಿದೆ, ಇನ್ನೂ ಸಣ್ಣದು. ದನಿ ಏರಿಸೋದು ಅದು. ಮೊದಲು ನರ ಹುಡುಕ್ತೀನಿ, ಆಮೇಲೆ ಕತ್ತರಿ. ಆ ನರಕ್ಕೆ ತಂತಿ ಮುಟ್ಟಿಸಿದ್ರೆ ಮಷಿನ್ ಟಿಕ್ ಅನ್ನುತ್ತೆ. ಅದು ಸುಮ್ಮನಾದ್ರೆ ನನ್ನ ಕೈಯೂ ನಿಲ್ಲುತ್ತೆ."

"ನಿಮ್ಮ ಕೈಲಿ ಯಾರ ದನೀನೂ ಹೋಗಿಲ್ಲ ಅಲ್ವಾ ಡಾಕ್ಟ್ರೇ?"

ಇಲ್ಲ ಎನ್ನಲಿ ಎಂದೇ ಕೇಳಿದ್ದಳು.

"ಇಬ್ಬರದು ಹೋಗಿದೆ. ಒಬ್ಬರಿಗೆ ಮೂರು ತಿಂಗಳಲ್ಲಿ ವಾಪಸ್ ಬಂತು. ಹ್ವೆ ಅಂತ ಇನ್ನೊಬ್ಬರಿದ್ದಾರೆ, ಅವರಿಗೆ ಬರಲಿಲ್ಲ. ಹೆದರಿದವರಿದ್ರೆ ನನ್ನ ನಂಬರ್ ಕೊಡಿ ಅಂತ ಅವರೇ ಹೇಳಿದ್ದಾರೆ. ಮಾತಾಡ್ತೀಯಾ?"

ನಂಬರಿನ ಚೀಟಿ ಐದು ದಿನ ಚೀಲದಲ್ಲೇ ಉಳಿಯಿತು. ಆ ದನಿ ಕೇಳಿಬಿಟ್ಟರೆ ತನ್ನದೂ ಹಾಗೇ ಆದೀತೆಂಬ ಭಯ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು "ಮಿ, ಮಿ" ಎಂದು ಇಪ್ಪತ್ತು ಸಲ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಳು. ತಿರುಗಿ ಕೇಳಿದಾಗ ಸತ್ತವರ ದನಿಯಂತೆನಿಸಿ ನಡುವೆಯೇ ನಿಲ್ಲಿಸಿದಳು.

ಮಂಗಳವಾರ ಆಸ್ಪತ್ರೆಯಿಂದ ಸಂದೇಶ ಬಂತು: ಸಂಜೆಯೊಳಗೆ ತಿಳಿಸದಿದ್ದರೆ ಗುರುವಾರದ ಸರದಿ ಬೇರೆಯವರಿಗೆ. ಮಧ್ಯಾಹ್ನ ಮಕ್ಕಳು ಚಾಪೆಯ ಮೇಲೆ ಮಲಗಿದ್ದಾಗ ಲ್ವಾನ್ ಮೆಟ್ಟಿಲ ಬಳಿ ಹೋಗಿ ಚೀಟಿ ಬಿಚ್ಚಿದಳು. ಎರಡು ಸಲ ತಪ್ಪು ಒತ್ತಿದಳು.

"ಹಲೋ?" ಗಾಳಿಯೇ ಹೆಚ್ಚಿದ್ದ, ಗೊರಗೊರ ದನಿ.

ಡಾಕ್ಟರು ನಂಬರ್ ಕೊಟ್ಟರೆಂದು ಲ್ವಾನ್ ಪಿಸುಗುಟ್ಟಿದಳು.

"ಜೋರಾಗಿ ಮಾತಾಡು ತಂಗಿ. ದನಿ ಹೋಗಿರೋದು ನಂದು, ನಿಂದಲ್ಲ."

"ಅಕ್ಕಾ... ಮಕ್ಕಳನ್ನ ಹೆಂಗೆ ಕರೀತೀರಿ?"

"ಮೊದಮೊದಲು ಮಗ, 'ಯಾರನ್ನಮ್ಮ ಕರೀತಿದ್ದೀಯ?' ಅಂತಿದ್ದ. ಅತ್ತುಬಿಡ್ತಿದ್ದೆ. ಈಗ ಹೆಂಗೆ ಕರೆದ್ರೂ ಬರ್ತಾನೆ. ಮಾರ್ಕೆಟ್ಟಲ್ಲಿ ಮಾತ್ರ ಇವತ್ತಿಗೂ ಒಂದು ಕೇಳಿದ್ರೆ ಇನ್ನೊಂದು ಕೊಡ್ತಾರೆ." ಆಕೆ ಉಸಿರು ತೆಗೆದುಕೊಂಡಳು. "ಹೆದರಬೇಡ ಅಂತ ಹೇಳಲ್ಲ. ಹೆದರಿಕೆ ಆಗೇ ಆಗುತ್ತೆ. ಆದ್ರೆ ಆರು ವರ್ಷ ಆಯ್ತು, ನಾನಿದ್ದೀನಿ ನೋಡು. ನಿಂಗ್ಯಾವತ್ತು?"

ಲ್ವಾನ್ ಮೆಟ್ಟಿಲ ಮೇಲೆ ಕೂತಳು.

"ಗುರುವಾರ," ಎಂದಳು.