ಎರಡು ವಿಂಗ್‌ಗಳ ನಡುವೆ ಬಿಟ್ಟ ಜಾಗ

ಘಣಸೋಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎರಡು ವಿಂಗ್, ಅಕ್ಕಪಕ್ಕ ನಿಂತ ಎರಡು ಕಟ್ಟಡ. ಒಂದಕ್ಕೆ ನಾಲ್ಕು ಮಾಳಿಗೆ, ಇನ್ನೊಂದಕ್ಕೆ ಏಳು. ನಡುವೆ ಬುಡದಿಂದ ಟೆರೇಸಿನವರೆಗೆ ಐದು ಬೆರಳಗಲದ ಸಂದು, ಅದನ್ನು ಮರೆಮಾಡಲು ಒಂದು ತಗಡಿನ ಪಟ್ಟಿ. ಪಟ್ಟಿಗೆ ಒಂದೇ ಬದಿಯಲ್ಲಿ ಸ್ಕ್ರೂ. ಕಟ್ಟಿದವರು ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ ಎಂದುಕೊಂಡಿದ್ದೆ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಹೋಟೆಲು ಸೇರಿದವನು. ಸಣ್ಣ ವಿಂಗಿನ ಕೆಳಗೆ ನನ್ನದೇ ಹೋಟೆಲು ಆದ ಮೇಲೆ, ಪಕ್ಕದ ವಿಂಗಿನ ಅಂಗಡಿಯನ್ನೂ ಹಿಡಿದು ಅಡುಗೆಮನೆಗೆ ಕೂಡಿಸಿಕೊಳ್ಳಲು ಹೊರಟೆ. ಗೋಡೆ ಒಡೆದಾಗ ಆ ಸಂದು ಬಾಯಿ ಬಿಟ್ಟಿತು. ಅದರಿಂದ ಇಲಿ ಬರುತ್ತಿತ್ತು, ಮಳೆನೀರು ಬರುತ್ತಿತ್ತು. ತುಂಬಿಬಿಡು ಎಂದು ವಿಜಯಪುರದ ಕಡೆಯ ಗೌಂಡಿಗೆ ಹೇಳಿದೆ.

"ಅದು ಬಿರುಕಲ್ಲರಿ ಸೇಠ, ಬೇಕಂತ ಬಿಟ್ಟ ಜಾಗ. ಭೂಮಿ ನಡುಗಿದ್ರ ಗಿಡ್ಡದು ಒಂದು ತರ ಅಳ್ಳಾಡ್ತದ, ಎತ್ತರದ್ದು ಒಂದು ತರ. ಕಟ್ಟಿಹಾಕಿದ್ರ ಒಂದನ್ನೊಂದು ಜಗ್ಗತಾವ, ಗುದ್ದತಾವ."

"ಅದು ನಡುಗುವಾಗ ನಡುಗಲಿ ಮಾರಾಯ. ಇಲ್ಲಿ ದಿನಾ ಇಡ್ಲಿ ಹಿಟ್ಟಿಗೆ ಇಲಿ ಬೀಳ್ತದೆ."

ಅವನು ಕೆಲಸ ಒಲ್ಲೆನೆಂದು ಕೈ ತೊಳೆದುಕೊಂಡು ಹೋದ. ಹತ್ತಿರದ ಕಳವಾ ಊರಿನಿಂದ ಬೇರೊಬ್ಬ ಗೌಂಡಿಯನ್ನು ಕರೆಸಿ ಸರಳು, ಕಾಂಕ್ರೀಟು ತುಂಬಿಸಿದೆ. ಮೇಲೆ ಬಿಳಿ ಟೈಲ್ಸ್ ಹಾಕಿಸಿದೆ. ತಂಗಿ ಕೇಳಿದಾಗ, ಸಂದು ಒಳಗೆ ಹಾಗೇ ಉಂಟು ಎಂದೆ. ಅವಳು ಸೊಸೈಟಿಯ ಸೆಕ್ರೆಟರಿ. ಎತ್ತರದ ವಿಂಗಿನಲ್ಲಿ, ನಾನು ಕೂಡಿಸಿಕೊಂಡ ಅಂಗಡಿಯ ನೇರ ಮೇಲೆ ಅವಳ ಮನೆ.

ಒಂದು ಮಧ್ಯಾಹ್ನ ಸಾಂಬಾರಿನ ಪಾತ್ರೆಯಲ್ಲಿ ತಾವಾಗಿ ಅಲೆಯುಂಗುರಗಳು ಎದ್ದವು. ಕ್ಷಣಮಾತ್ರದ ಕಂಪನ, ಊರಿಗೆ ಏನೂ ಆಗಲಿಲ್ಲ. ಆದರೆ ಸಂದಿಗೆ ತಾಗಿದ ತಂಗಿಯ ಮನೆಯ ಗೋಡೆಯಲ್ಲಿ ಓರೆಯಾಗಿ ಬಿರುಕು ಬಿಟ್ಟಿತು.

"ಇದೆಂತ ಅಣ್ಣ?"

"ಪ್ಲಾಸ್ಟರ್ ಕಳಪೆ. ಪುಟ್ಟಿ ಹಾಕಿಸು," ಎಂದೆ. ನನಗೆ ಕಾರಣ ತಿಳಿದಿತ್ತು. ಅವಳು ಪುಟ್ಟಿ ಹಾಕಿಸಿದಳು.

ಕೆಲವು ವರ್ಷಗಳ ನಂತರ ಕಟ್ಟಡ ಪರೀಕ್ಷಿಸಲು ಇಂಜಿನಿಯರ್ ಬಂದರು. ಮೇಲಿಂದ ಇಳಿದ ತಗಡಿನ ಪಟ್ಟಿ ನನ್ನ ಹೋಟೆಲಿನ ಹತ್ತಿರ ಯಾಕೆ ನಿಂತಿದೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಂಗಿ, "ಟೈಲ್ಸ್ ಹಿಂದೆ ಜಾಗ ಹಾಗೇ ಉಂಟು ಸರ್. ನಮ್ಮ ಅಣ್ಣ ನಿಂತು ಮಾಡಿಸಿದ್ದು," ಎಂದಳು. ಹಾಗಾದರೆ ಬರೆದುಕೊಡಿ ಎಂದರು. ಅವಳು ನನ್ನ ಕೌಂಟರಿನ ಮೇಲೆಯೇ ಕಾಗದ ಇಟ್ಟು ಸಹಿ ಹಾಕಿದಳು. ಪೆನ್ನು ಕೊಟ್ಟವನು ನಾನು.

ಒಂಬತ್ತು ದಿನ ಸುಮ್ಮನಿದ್ದೆ. ಹತ್ತನೆಯ ದಿನ ಅವಳ ಮನೆಗೆ ಹೋಗಿ, ಸಂದು ತುಂಬಿಸಿದ್ದನ್ನು ಹೇಳಿದೆ.

"ಗೋಡೆ ಬಿರಿದಾಗಲೂ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮಕ್ಕಳು ಆ ಗೋಡೆಗೇ ತಲೆಯಿಟ್ಟು ಮಲಗ್ತಾರಲ್ಲ ಅಣ್ಣ."

ಬೈಯಲಿಲ್ಲ. ಇಂಜಿನಿಯರಿಗೆ ಫೋನ್ ಮಾಡಿ ಕಾಗದ ಹಿಂದಕ್ಕೆ ತರಿಸಿದಳು, ಸಭೆಯಲ್ಲಿ ಎಲ್ಲರೆದುರು ತಪ್ಪು ತನ್ನದೆಂದು ಹೇಳಿ ಸೆಕ್ರೆಟರಿ ಕೆಲಸ ಬಿಟ್ಟಳು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಆಗಲೂ ಎದ್ದು ನಿಲ್ಲಲಿಲ್ಲ.

ಇಂಜಿನಿಯರ್ ಹೇಳಿದಂತೆ ಕಾಂಕ್ರೀಟು ಒಡೆಸಿ ಸಂದನ್ನು ಮತ್ತೆ ಬಿಡಿಸಿದೆ. ಪಕ್ಕದ ಅಂಗಡಿಯನ್ನೂ ಬಿಟ್ಟೆ. ತಂಗಿ ಈಗಲೂ ಮಾತಾಡುತ್ತಾಳೆ, ಹಬ್ಬಕ್ಕೆ ಕರೆಯುತ್ತಾಳೆ. ನಾನು ಏನಾದರೂ ಹೇಳಿದರೆ ಹೂಂ ಎನ್ನುತ್ತಾಳೆ, ಆಮೇಲೆ ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾಳೆ. ಕೇಳಲಿ ಎಂದೇ ನನಗೂ ಅನಿಸುತ್ತದೆ.