ಥಂಡಾದ ಪಿಕ್ಚರಿಗೆ ಕೊಟ್ಟ ದನಿ

ನನ್ನ ಮೊಮ್ಮಗಳು ಪಕ್ಕದಲ್ಲಿ ಕೂತು ನನ್ನ ಮಾತು ಕೇಳಿದ ಮಧ್ಯಾಹ್ನದ ಸಂಗತಿ ಇದು. ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಯಾರಾದರೂ ಸಿಕ್ಕರೆ ಹೇಳದೆ ಬಿಡುವುದಿಲ್ಲ.

ವಿಜಾಪುರದ ಕಡೆಯಿಂದ ಘಣಸೋಲಿಗೆ, ಮಗನ ಮನೆಗೆ ನಾನು ಬಂದಾಗ ಅವಳು ಎಂಟನೇ ತರಗತಿ. ಮಗ ವಾಗ್ಳೆ ಎಸ್ಟೇಟಿನ ಕಾರ್ಖಾನೆಗೆ, ಸೊಸೆ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆಯೇ. ನೆರೆಯವರದು ಮರಾಠಿ. ಎಷ್ಟೋ ದಿನ ಸಂಜೆಯ ತನಕ ನಾನು ಬಾಯಿ ತೆರೆಯುತ್ತಿರಲಿಲ್ಲ. ಹುಡುಗಿಗೆ ಕನ್ನಡ ತಿಳಿಯುತ್ತಿತ್ತು. ಉತ್ತರ ಮಾತ್ರ ಹಿಂದಿಯಲ್ಲಿ, ಅದೂ ಅರ್ಧ. ಹಾಗಾಗಿ ಶಾಲೆ ಬಿಡುವ ಹೊತ್ತಿಗೆ ಕೆಳಗಿನ ಅಂಗಡಿಯಿಂದ ಒಂದು ಬಾಟಲಿ ಥಂಡಾ, ಅದೇ ಸಿಹಿ ಸೋಡಾ, ತಂದಿಡುತ್ತಿದ್ದೆ. ಎರಡು ಲೋಟಕ್ಕೆ ಸುರಿದು ಎದುರುಬದುರು ಕೂತು ಕುಡಿಯುತ್ತಿದ್ದೆವು. ಗ್ಯಾಸು ಮೂಗಿಗೇರಿ ನಾನು ಸೀನಿದರೆ ಅವಳು ನಗುತ್ತಿದ್ದಳು. ಇಡೀ ದಿನದಲ್ಲಿ ನನಗೆ ಅಷ್ಟೇ ಸಂಗಾತ.

ಒಂದು ದಿನ ಅವಳು ಲೋಟ ಮುಟ್ಟಲಿಲ್ಲ. ಶಾಲೆಯಲ್ಲಿ ಥಂಡಾದ ಕೆಡುಕಿನ ಮೇಲೆ ಡಾಕ್ಯುಮೆಂಟರಿ ತೋರಿಸಿದರಂತೆ. ಇನ್ನು ಬೇಡ ಎಂದವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನವೂ ಹಾಗೆಯೇ. ಥಂಡಾ ಹೋದರೆ ಹೋಗಲಿ, ಅವಳು ಎದುರಿಗೆ ಕೂಡುವುದೂ ಹೋಯಿತಲ್ಲ ಎಂದು ನನಗೆ ಸಂಕಟ.

ಕೊನೆಗೆ ಬಾಗಿಲು ತಟ್ಟಿ, ನನಗೂ ತೋರಿಸು ಎಂದೆ. ಕಂಪ್ಯೂಟರಿನಲ್ಲಿ ಹಚ್ಚಿದಳು. ಇಂಗ್ಲಿಷು ನನಗೆಲ್ಲಿ ತಿಳಿಯಬೇಕು? ಆದರೂ ಕಣ್ಣು ಕೀಳಲಾಗಲಿಲ್ಲ. ಚಮಚದಿಂದ ಸಕ್ಕರೆ ಬೀಳುವ ಸದ್ದನ್ನು ಗುಡ್ಡದಿಂದ ಕಲ್ಲು ಉರುಳಿದಂತೆ ಕೇಳಿಸಿದ್ದರು. ಹುಳುಕು ಹಲ್ಲೊಂದು ಪರದೆಯ ತುಂಬ. ಆಮೇಲೆ ದಪ್ಪ ಮನುಷ್ಯನೊಬ್ಬನ ಫೋಟೊ; ಅದರ ಬಣ್ಣ ಇಳಿದು ಕಪ್ಪು-ಬಿಳುಪಾಗಿ, ಮೆಲ್ಲಗೆ ದೊಡ್ಡದಾಗುತ್ತ ಬಂತು. ಹಿಂದೆ ಅಳುವಂಥ ಪಿಟೀಲು. ನಮ್ಮ ಕಡೆ ಮನುಷ್ಯ ಹೋದ ಮೇಲೆಯೇ ಅವನ ಫೋಟೊ ದೊಡ್ಡದು ಮಾಡಿಸುವುದು. ನಾನು ತಲೆ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿದೆ.

"ಪಾಪ, ಹೆಂಡ್ತಿ ಮಕ್ಕಳು ಅದಾರೇನವ್ವಾ?"

"ಅಜ್ಜಿ, ವೋ ಮರಾ ನಹೀ ಹೈ" ಎಂದು ಅವಳು ಹೊಟ್ಟೆ ಹಿಡಿದು ನಕ್ಕಳು. ಬದುಕಿದ್ದಾನೆ, ಮುಂದೆ ಅವನೇ ಬಂದು ಮಾತಾಡುತ್ತಾನೆ ಎಂದಳು. ಆಮೇಲೆ ದನಿ ಬಂದ್ ಮಾಡಿ ಅದನ್ನೇ ಮತ್ತೆ ತೋರಿಸಿದಳು. ಪಿಟೀಲಿಲ್ಲದೆ ನೋಡಿದರೆ ಅವನು ರೇಷನ್ನಿಗೆ ಪಾಳಿ ಹಚ್ಚಿ ನಿಂತವನ ಹಾಗಿದ್ದ. ಒಂದು ಮಾತೂ ತಿಳಿಯದೆ ನೀನು ಪೂರಾ ನಂಬಿದೆಯಲ್ಲ ಎಂದು ಅವಳಿಗೇ ಆಶ್ಚರ್ಯ.

ಶಾಲೆಗೆಂದು ಅವಳೂ ಥಂಡಾದ ಮೇಲೊಂದು ಚಿಕ್ಕ ಪಿಕ್ಚರು ಮಾಡಬೇಕಿತ್ತು. ಮಾತು ನಿನ್ನದೇ ಇರಲಿ, ಕನ್ನಡದಲ್ಲೇ ಹೇಳು, ಅರ್ಥ ಕೆಳಗೆ ಬರೆಯುತ್ತೇನೆ ಎಂದಳು. ಅಬ್ಬಾ, ನನಗಾದ ಹಿಗ್ಗು!

ಗದ್ದಲ ಬರಬಾರದೆಂದು ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಮಂಚದ ಮೇಲೆ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತೆವು. ಅವಳು ಮೊಬೈಲನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. ಏನು ಹೇಳಲಿ ಎಂದರೆ, ನನಗೆ ಹೇಳುವ ಹಾಗೆ ಹೇಳು ಎಂದಳು.

"ಇದನ್ನ ಕುಡೀಬ್ಯಾಡ ನನ್ನವ್ವ. ನಾನೇ ತಂದು ಕೊಡ್ತಿದ್ದೆ. ಕುಡಿಯೂತನಕರೆ ನನ್ನ ಮುಂದ ಕುಂಡರ್ತೀ ಅಂತ."

ಅವಳು ನಗಲಿಲ್ಲ. ಆಮೇಲೆ ತಡವರಿಸುತ್ತ, ಕನ್ನಡದಲ್ಲೇ ಕೇಳಿದಳು:

"ಅಜ್ಜಿ, ಇನ್ನಾ ಮಾತಾಡು. ನಾ ಇಲ್ಲೇ ಕೂಡ್ತೀನಿ."

ಮಾತಾಡಿದೆ, ಮಾತಾಡಿದೆ, ಮಗ-ಸೊಸೆ ಬರುವ ತನಕ ಮಾತಾಡಿದೆ. ಅಷ್ಟೆಲ್ಲ ಮಾತಿನಲ್ಲಿ ಅವಳು ಪಿಕ್ಚರಿಗೆ ಇಟ್ಟುಕೊಂಡದ್ದು ಆ ಮೊದಲ ಮಾತನ್ನು ಮಾತ್ರ. ಅದರ ಹಿಂದೆ ಪಿಟೀಲು ಗಿಟೀಲು ಏನನ್ನೂ ಹಾಕಲಿಲ್ಲ.