ವಕ್ಕಲೇರಿಯಿಂದ ಕೋಲಾರದ ಬಸ್ಸು

ವಕ್ಕಲೇರಿಯ ಆರೋಗ್ಯ ಕೇಂದ್ರದಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಆಗಷ್ಟೇ ಮುಗಿದಿತ್ತು. ಮುನಿರತ್ನಮ್ಮನಿಗೂ ನನಗೂ ಒಳಗೆ ಬಿಳಿ ಮಚ್ಚೆ ಕಂಡಿದೆ. ಇವತ್ತೇ ಕೋಲಾರದ ದೊಡ್ಡ ಡಾಕ್ಟರಿಗೆ ತೋರಿಸಬೇಕಂತೆ. ಬಸ್ಸು ಬಂತು. ನಾನು ಹತ್ತಿ ಅವಳಿಗೂ ಟವಲು ಹಾಕಿ ಸೀಟು ಹಿಡಿದೆ. ಕೆಳಗೆ ಆಶಾ ಕಾರ್ಯಕರ್ತೆ ಅವಳನ್ನು ಹತ್ತಿಸಲು ನೋಡುತ್ತಿದ್ದಳು.

“ಹತ್ತು ಕಣೇ.”

“ಸಂಜೆ ಹಾಲು ಯಾರು ಕರೀತಾರಕ್ಕಾ? ಆ ಹಸು ಬೇರೆಯವರ ಕೈಗೆ ಹಾಲು ಬಿಡಲ್ಲ.”

“ನಿನ್ ಗಂಡ?”

“ಅವನ್ನ ಕಂಡ್ರೆ ಒದೀತದೆ. ನಂಗಿಂತ ಅದಕ್ಕೇ ಬುದ್ಧಿ ಜಾಸ್ತಿ.”

ಇಬ್ಬರೂ ನಕ್ಕರು. ಆಮೇಲೆ ಮುನಿರತ್ನಮ್ಮ ಮೆಲ್ಲಗೆ ಹೇಳಿದಳು: “ಹಸು ಗರ್ಭ ನೋಡೋಕೆ ಡಾಕ್ಟ್ರು ಕೊಟ್ಟಿಗೇಗೇ ಬರ್ತಾರೆ. ನಾನು ಇನ್ನೊಂದಿನ ಹೋಗ್ತೀನಿ ಬಿಡು.”

ಕಂಡಕ್ಟರ್ ಸೀಟಿ ಊದಿದ. ಮುಂದಿನ ಸ್ಟಾಪಿನಲ್ಲಿ ಹತ್ತಿದ ಹೆಂಗಸು ಟವಲು ತೋರಿಸಿ, “ಯಾರಾದ್ರೂ ಬರ್ತಾರಾ?” ಎಂದು ಕೇಳಿದಳು. ನಾನು ಟವಲು ತೆಗೆದುಕೊಂಡೆ.